ನಾನೂರು ಗಜದಾಚೆಯ ನಾಲ್ಕು ಇಂಚು: ರೈಫಲ್ ಸ್ಕೋಪ್ ಆರಿಸುವ ಲೆಕ್ಕ

ಸುಲಿದ ತೆಂಗಿನಕಾಯಿಯ ಅಡ್ಡಳತೆ ಸುಮಾರು ನಾಲ್ಕು ಇಂಚು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನೋಡಿದವರಿಗೆ ಆ ಗುರಿ ಎಷ್ಟು ಚಿಕ್ಕದೆಂದು ಗೊತ್ತಿರುತ್ತದೆ. ಅದೇ ಕಾಯನ್ನು 400 ಗಜ, ಅಂದರೆ 366 ಮೀಟರ್ ಆಚೆಗಿಟ್ಟು, ನಡುವೆ ಅಡ್ಡಗಾಳಿ ಬೀಸಿದರೆ ಏನಾದೀತೋ ಅದೇ ಅಮೆರಿಕದ ಸೌತ್ ಡಕೋಟ, ವಯೋಮಿಂಗ್, ಮೊಂಟಾನಾ ಹುಲ್ಲುಗಾವಲುಗಳ ಪ್ರೇರಿ ಡಾಗ್ ಬೇಟೆ. ಹೆಸರಿನಲ್ಲಿ ನಾಯಿ ಇದ್ದರೂ ಇದು ಅಳಿಲಿನ ಬಳಗಕ್ಕೆ ಸೇರಿದ, ಬಿಲ ತೋಡಿ ಗುಂಪುಗುಂಪಾಗಿ ಬದುಕುವ, ಸುಮಾರು ಒಂದು ಕಿಲೋ ತೂಗುವ ಪ್ರಾಣಿ. ಹಿಂಗಾಲ ಮೇಲೆ ನಿಂತಾಗ ಎದೆಯಗಲ ಮೂರ್ನಾಲ್ಕು ಇಂಚು. ದನ ಸಾಕುವವರ ಪಾಲಿಗೆ ಇವು ಮೇವು ತಿಂದು ನೆಲವನ್ನೆಲ್ಲ ತೂತು ಮಾಡುವ ಪೀಡೆ. ಇಂಥ ಪೀಡೆಗಳಿಗೆಲ್ಲ ಅಲ್ಲಿನ ಆಡುಮಾತಿನಲ್ಲಿ ವಾರ್ಮಿಂಟ್ ಎಂದು ಹೆಸರು. ಪೂರ್ವದ ರಾಜ್ಯಗಳ ಗ್ರೌಂಡ್‌ಹಾಗ್, ದೇಶದುದ್ದಕ್ಕೂ ಇರುವ ಕಯೋಟಿ ಕೂಡ ಈ ಪಟ್ಟಿಯಲ್ಲಿವೆ.

ಸ್ಕೋಪಿನ, ಅಂದರೆ ರೈಫಲ್ ಮೇಲೆ ಕೂರಿಸುವ ದುರ್ಬೀನಿನ, ಮಾತಿಗೆ ಮುಂಚೆ ಕಾನೂನಿನ ಮಾತು, ಏಕೆಂದರೆ ಇದನ್ನು ಓದುವ ಅಮೆರಿಕದ ಕನ್ನಡಿಗರಲ್ಲಿ ಹಲವರು ವೀಸಾದ ಮೇಲಿರುತ್ತಾರೆ. ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ಎಲ್ಲ ಪ್ರೇರಿ ಡಾಗ್‌ಗಳೂ ಬೇಟೆಗೆ ಮುಕ್ತವಲ್ಲ. ಯೂಟಾ ಪ್ರೇರಿ ಡಾಗ್ ಸಂರಕ್ಷಿತ ಪ್ರಾಣಿ. ಇವನ್ನೇ ತಿಂದು ಬದುಕುವ ಕಪ್ಪುಗಾಲಿನ ಫೆರೆಟ್ ಅಳಿವಿನಂಚಿನಲ್ಲಿರುವುದರಿಂದ ಸೌತ್ ಡಕೋಟದ ಕೊನಾಟಾ ಬೇಸಿನ್‌ನಂಥ ಕಡೆ ಗುಂಡು ಹಾರಿಸುವಂತಿಲ್ಲ. ಸ್ಕೋಪು ಅಮೆರಿಕದ ರಫ್ತು ನಿಯಂತ್ರಣದ ವಸ್ತು ಕೂಡ. ಊರಿಗೆ ಬರುವಾಗ ಭಾವಮೈದುನನಿಗೆಂದು ಸೂಟ್‌ಕೇಸಿಗೆ ಹಾಕಿಕೊಳ್ಳುವ ಸಾಮಾನಲ್ಲ ಅದು.

ಪೆಟ್ಟಿಗೆಯ ಮೇಲೆ 6-24x50 ಎಂದಿದ್ದರೆ ಪವರ್, ಅಂದರೆ ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆಂಬುದು, 6ರಿಂದ 24ರವರೆಗೆ ತಿರುಗುತ್ತದೆ, ಮುಂದಿನ ಮಸೂರದ ಅಡ್ಡಳತೆ 50 ಮಿಲಿಮೀಟರ್ ಎಂದರ್ಥ. ಅಂಗಡಿಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಆ 24ರ ಕಡೆಗೆ. ಗುಂಡು ತಪ್ಪಲು ಪವರ್ ಸಾಲದಿರುವುದು ಕಾರಣವಾಗುವುದು ಅಪರೂಪ. ತಿರುಪಿದ ಟರೆಟ್ (ಗುರಿ ಸರಿಸುವ ಗುಬುಟು) ಹೇಳಿದಷ್ಟು ಸರಿಯದೆ ಹೋಗುವುದು, ಪ್ಯಾರಲ್ಯಾಕ್ಸ್ (ಕಣ್ಣು ಸರಿದರೆ ಗೆರೆ ಗುರಿಯ ಮೇಲೆ ಜಾರುವ ದೋಷ) ಉಳಿದಿರುವುದು, ರೆಟಿಕಲ್ (ಸ್ಕೋಪಿನೊಳಗೆ ಕಾಣುವ ಗುರಿಗೆರೆ) ಗೆರೆಯ ಅರ್ಥ ಪವರ್ ಜೊತೆಗೆ ಬದಲಾಗಿದ್ದು ಗಮನಕ್ಕೆ ಬಾರದಿರುವುದು, ಇವೇ ಹೆಚ್ಚಿನ ಸಲ ಕಾರಣ. ಇವು ಯಾವುವೂ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲ.

ಎಂಒಎ, ಮಿಲ್: ಎರಡೂ ಕೋನವೇ

ಸ್ಕೋಪು ಕೋನದ ಭಾಷೆಯಲ್ಲಿ ಮಾತಾಡುತ್ತದೆ. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಎಂಒಎ; 100 ಗಜದಲ್ಲಿ ಅದು 1.047 ಇಂಚು, 400 ಗಜದಲ್ಲಿ 4.19 ಇಂಚು. ಅಂದರೆ ನಮ್ಮ ತೆಂಗಿನಕಾಯಿ 400 ಗಜದಲ್ಲಿ ಹೆಚ್ಚುಕಡಿಮೆ ಒಂದು ಎಂಒಎ. ಒಂದು ಮಿಲ್ ಎಂದರೆ ದೂರದ ಸಾವಿರದಲ್ಲೊಂದು ಪಾಲು: 100 ಮೀಟರಿಗೆ 10 ಸೆಂಟಿಮೀಟರ್, 100 ಗಜಕ್ಕೆ 3.6 ಇಂಚು. ಸಾಮಾನ್ಯವಾಗಿ ಎಂಒಎ ಟರೆಟ್ ಒಂದು ಕ್ಲಿಕ್ಕಿಗೆ ಕಾಲು ಎಂಒಎ ಸರಿಯುತ್ತದೆ, ಮಿಲ್ ಟರೆಟ್ 0.1 ಮಿಲ್.

ಎರಡರಲ್ಲಿ ಯಾವುದು ಮೇಲೆಂಬ ಜಗಳಕ್ಕೆ ಕೊನೆಯಿಲ್ಲ, ಅರ್ಥವೂ ಇಲ್ಲ. ಜೊತೆಯಲ್ಲಿ ಹೊಡೆಯುವವರು ಯಾವುದನ್ನು ಬಳಸುತ್ತಾರೋ ಅದನ್ನೇ ಕೊಳ್ಳಿ, ಪಕ್ಕದವರು ಕೂಗಿ ಹೇಳುವ ತಿದ್ದುಪಡಿ ಹಾಗೇ ಕೆಲಸಕ್ಕೆ ಬರುತ್ತದೆ. ರೆಟಿಕಲ್ ಮಿಲ್‌ನಲ್ಲಿದ್ದು ಟರೆಟ್ ಎಂಒಎಯಲ್ಲಿರುವ ಹಳೆಯ ಮಾದರಿಗಳನ್ನು ಮಾತ್ರ, ಎಷ್ಟೇ ಅಗ್ಗವಾದರೂ, ಬಿಟ್ಟುಬಿಡಿ. ಕಣ್ಣಿಗೆ ಕಂಡ ತಪ್ಪನ್ನು ಪ್ರತಿ ಸಲ 3.438ರಿಂದ ಗುಣಿಸಿ ತಿರುಪುವ ಹೊತ್ತಿಗೆ ಪ್ರಾಣಿ ಬಿಲ ಸೇರಿರುತ್ತದೆ.

ಪ್ರೇರಿ ಡಾಗ್ ಬೇಟೆಗೆ ಹೆಚ್ಚು ಬಳಕೆಯಲ್ಲಿರುವ .223 ರೆಮಿಂಗ್ಟನ್ ಕಾರ್ಟ್ರಿಜ್ ತೆಗೆದುಕೊಳ್ಳಿ. 55 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 3,240 ಅಡಿ ವೇಗದಲ್ಲಿ ನಳಿಗೆ ಬಿಡುತ್ತದೆ ಎಂದುಕೊಳ್ಳೋಣ. 200 ಗಜಕ್ಕೆ ಝೀರೋ ಮಾಡಿದರೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದರೆ, ಅದು 100 ಗಜದಲ್ಲಿ ಸುಮಾರು ಒಂದೂವರೆ ಇಂಚು ಮೇಲೆ ಬೀಳುತ್ತದೆ, 300ರಲ್ಲಿ 7 ಇಂಚು ಕೆಳಗೆ, 400ರಲ್ಲಿ 21 ಇಂಚು, 500ರಲ್ಲಿ 45 ಇಂಚು ಕೆಳಗೆ. 400 ಗಜದ ಇಳಿತ ಎಂದರೆ 5 ಎಂಒಎ, 20 ಕ್ಲಿಕ್. 500ಕ್ಕೆ 8.6 ಎಂಒಎ. ಅಡ್ಡಗಾಳಿಯ ಲೆಕ್ಕ ಬೇರೆ: ಗಂಟೆಗೆ 10 ಮೈಲಿ ವೇಗದ ಗಾಳಿ 300 ಗಜದಲ್ಲೇ ಈ ಹಗುರ ಗುಂಡನ್ನು ಸುಮಾರು 10 ಇಂಚು ಪಕ್ಕಕ್ಕೆ ತಳ್ಳುತ್ತದೆ, ಪ್ರಾಣಿಯ ಅಗಲದ ಮೂರು ಪಟ್ಟು. ದೂರವನ್ನು ರೇಂಜ್‌ಫೈಂಡರ್ ಅಳೆದುಕೊಡುತ್ತದೆ, ಅದು ಬದಲಾಗುವುದಿಲ್ಲ. ಗಾಳಿ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದ್ದರಿಂದ ಇಳಿತವನ್ನು ಟರೆಟ್‌ನಲ್ಲಿ ತಿರುಪುವುದು, ಗಾಳಿಯನ್ನು ರೆಟಿಕಲ್ ಗೆರೆಗಳ ಮೇಲೆ ಹಿಡಿಯುವುದು ರೂಢಿ. ಅಡ್ಡಗೆರೆಯ ಮೇಲೆ ಅಳತೆಯ ಗುರುತುಗಳೇ ಇಲ್ಲದ ರೆಟಿಕಲ್ ಈ ಕೆಲಸಕ್ಕೆ ಒಗ್ಗುವುದಿಲ್ಲ.

ಪವರ್ ಎಷ್ಟು ಬೇಕು

400 ಗಜದ ವಸ್ತು 16 ಪವರ್‌ನಲ್ಲಿ 25 ಗಜದಲ್ಲಿದ್ದಂತೆ ಕಾಣುತ್ತದೆ, 25 ಪವರ್‌ನಲ್ಲಿ 16 ಗಜದಲ್ಲಿದ್ದಂತೆ. ಎರಡರಲ್ಲೂ ಪ್ರಾಣಿ ಚೆನ್ನಾಗಿಯೇ ಕಾಣುತ್ತದೆ. ಪವರ್ ಏರಿಸಿದಷ್ಟೂ ಕಳೆದುಕೊಳ್ಳುವುದು ಮೂರು: ನೋಟದ ಹರವು, ಬೆಳಕು, ಕಣ್ಣಿಡಲು ಇರುವ ಸಲಿಗೆ.

ಬೆಳಕಿನ ಲೆಕ್ಕ ಸುಲಭ. ಮುಂದಿನ ಮಸೂರದ ಅಡ್ಡಳತೆಯನ್ನು ಪವರ್‌ನಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂತೆಯ ದಪ್ಪ ಸಿಗುತ್ತದೆ. 50 ಮಿ.ಮೀ. ಮಸೂರ 25 ಪವರ್‌ನಲ್ಲಿ 2 ಮಿ.ಮೀ., 10 ಪವರ್‌ನಲ್ಲಿ 5 ಮಿ.ಮೀ. ಹಗಲಲ್ಲಿ ಕಣ್ಣಿನ ಪಾಪೆಯೇ ಎರಡು–ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ ಪ್ರೇರಿ ಡಾಗ್ ಬೇಟೆಗೆ ಇದು ಅಡ್ಡಿಯಲ್ಲ. ಮುಸ್ಸಂಜೆಯಲ್ಲಿ ಬರುವ ಕಯೋಟಿಗೆ ದೊಡ್ಡ ಅಡ್ಡಿ. ಕಯೋಟಿಯನ್ನು ಕೂಗು ಹಾಕಿ ಕರೆಯುತ್ತಾರೆ. ಅದು ಪೊದೆ ಸೀಳಿಕೊಂಡು 30 ಗಜದಲ್ಲಿ ಎದುರಾಗಬಹುದು. 6 ಪವರ್‌ನಲ್ಲಿ 100 ಗಜಕ್ಕೆ ಕಾಣುವ ಹರವು ಸುಮಾರು 17 ಅಡಿ, ಅಂದರೆ 30 ಗಜಕ್ಕೆ ಐದಡಿ. ಮೂತಿಯಿಂದ ಬಾಲದ ತುದಿವರೆಗೆ ನಾಲ್ಕಡಿ ಇರುವ, ಅದೂ ಓಡುತ್ತಿರುವ ಪ್ರಾಣಿಯನ್ನು ಐದಡಿಯ ಕಿಂಡಿಯಲ್ಲಿ ಹುಡುಕುವುದೆಂದರೆ ಬರೀ ರೋಮ ಕಾಣುತ್ತದೆ. ಆ ಬೇಟೆಗೆ 2ರಿಂದ 10 ಅಥವಾ 3ರಿಂದ 15 ಸಾಕು. ಪ್ರೇರಿ ಡಾಗ್ ಬೇಟೆ ಮೇಜು ಹಾಕಿಕೊಂಡು ಕೂತು, ದಿನಕ್ಕೆ ನೂರಾರು ಗುಂಡು ಹಾರಿಸುವ ಕೆಲಸ. ಅದಕ್ಕೆ 4-16 ಅಥವಾ 5-25. ಎರಡಕ್ಕೂ ಒಂದೇ ಸ್ಕೋಪು ಎಂದು ಹಟ ಹಿಡಿದರೆ 3-15ರ ಆಸುಪಾಸು ನೋಡಿ. 8-32 ಎರಡಕ್ಕೂ ಆಗದು.

ಇನ್ನು ಬಿಸಿಲು. ಬೆಳಿಗ್ಗೆ ಹತ್ತರ ಮೇಲೆ ಹುಲ್ಲುಗಾವಲಿನ ನೆಲದಿಂದ ಝಳ ಏಳುತ್ತದೆ, ಡಾಂಬರು ರಸ್ತೆಯ ಬಿಸಿಲುಗುದುರೆಯ ಹಾಗೆ. 25 ಪವರ್‌ನಲ್ಲಿ ನೋಡಿದರೆ ಪ್ರಾಣಿ ನೀರಿನಡಿ ಇದ್ದಂತೆ ತೇಲಾಡುತ್ತದೆ. ಪವರ್ ಪ್ರಾಣಿಯ ಜೊತೆಗೆ ಝಳವನ್ನೂ ದೊಡ್ಡದು ಮಾಡುತ್ತದೆ. ಹಾಗಾಗಿ ಮಧ್ಯಾಹ್ನ 12–15ಕ್ಕೆ ಇಳಿಸುವುದು ಅನಿವಾರ್ಯ. ಕೆಲವೊಮ್ಮೆ ಝಳ ನೆಲದ್ದಲ್ಲ, ಇಪ್ಪತ್ತು–ಮೂವತ್ತು ಗುಂಡು ಹಾರಿಸಿ ಕಾದ ನಳಿಗೆಯದ್ದೇ; ಮಸೂರದ ಮುಂದೆಯೇ ಏಳುತ್ತಿರುತ್ತದೆ. ರೈಫಲ್ಲನ್ನು ಹತ್ತು ನಿಮಿಷ ನೆರಳಿನಲ್ಲಿಟ್ಟು ಮತ್ತೆ ನೋಡಿ. ತೇಲಾಟ ನಿಂತಿದ್ದರೆ ಅದು ನಳಿಗೆಯ ಝಳ; ನಳಿಗೆಯ ಮೇಲೆ ಬಟ್ಟೆಯ ಪಟ್ಟಿ ಎಳೆದು ಕಟ್ಟಿದರೆ ತೀರಿತು.

ಪವರ್ ಇಳಿಸಿದ ಕೂಡಲೇ ಕಾಯುವ ಬಲೆ

ರೆಟಿಕಲ್ಲನ್ನು ಸ್ಕೋಪಿನೊಳಗೆ ಎರಡು ಕಡೆ ಕೂರಿಸಬಹುದು. ಪವರ್ ಬದಲಿಸುವ ಮಸೂರಗಳಿಗಿಂತ ಮುಂದೆ ಕೂರಿಸಿದರೆ ಫಸ್ಟ್ ಫೋಕಲ್ ಪ್ಲೇನ್. ಪವರ್ ಏರಿಸಿದಾಗ ಪ್ರಾಣಿಯೊಡನೆ ಗೆರೆಯೂ ಹಿಗ್ಗುತ್ತದೆ, ಅಳತೆ ಎಲ್ಲ ಪವರ್‌ನಲ್ಲೂ ಒಂದೇ. ಹಿಂದೆ ಕೂರಿಸಿದರೆ ಸೆಕೆಂಡ್ ಫೋಕಲ್ ಪ್ಲೇನ್. ಗೆರೆ ಸದಾ ಒಂದೇ ದಪ್ಪ, ಆದರೆ ಗುರುತುಗಳ ಅಳತೆ ಒಂದೇ ಒಂದು ಪವರ್‌ನಲ್ಲಿ ಸರಿ, ಸಾಮಾನ್ಯವಾಗಿ ಅತಿ ಹೆಚ್ಚಿನದರಲ್ಲಿ.

ಏನಾಗುತ್ತದೆ ನೋಡಿ. 6-24ರ ಸೆಕೆಂಡ್ ಫೋಕಲ್ ಪ್ಲೇನ್ ಸ್ಕೋಪಿನಲ್ಲಿ 5 ಎಂಒಎ ಗುರುತನ್ನು ಪ್ರಾಣಿಯ ಮೇಲಿಟ್ಟು 24 ಪವರ್‌ನಲ್ಲಿ 400 ಗಜಕ್ಕೆ ಬೆಳಗೆಲ್ಲ ಸರಿಯಾಗಿ ಹೊಡೆದಿರುತ್ತೀರಿ. ಝಳ ಎದ್ದಿತೆಂದು 12 ಪವರ್‌ಗೆ ಇಳಿಸುತ್ತೀರಿ. ಅದೇ ಗುರುತು ಈಗ 10 ಎಂಒಎ. ಗುಂಡು 21 ಇಂಚು ಮೇಲಿಂದ ಹಾರಿಹೋಗುತ್ತದೆ, ಧೂಳೂ ಕಾಣುವುದಿಲ್ಲ. ಗಾಳಿಯೋ, ಕಾರ್ಟ್ರಿಜ್ಜೋ, ಕೈ ನಡುಗಿತೋ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಪವರ್ ಉಂಗುರ ನೆನಪಾಗುವುದಿಲ್ಲ.

ಹಾಗೆಂದು ಫಸ್ಟ್ ಫೋಕಲ್ ಪ್ಲೇನ್ ಎಲ್ಲಕ್ಕೂ ಮದ್ದಲ್ಲ. ಕಡಿಮೆ ಪವರ್‌ನಲ್ಲಿ ಅದರ ಗೆರೆ ಜೇಡರಬಲೆಯಷ್ಟು ತೆಳ್ಳಗಾಗಿ ಒಣಹುಲ್ಲಿನಲ್ಲಿ ಕಳೆದುಹೋಗುತ್ತದೆ. ಕಯೋಟಿ ಹತ್ತಿರ ಬಂದಾಗ ಬೇಕಾಗುವುದು ಅದೇ ಪವರ್. ಕೊಳ್ಳುವಾಗ ಗೆರೆಯ ದಪ್ಪ ಕೇಳಿ. 0.04 ಮಿಲ್ ದಪ್ಪದ ಗೆರೆ 400 ಗಜದಲ್ಲಿ ಅರ್ಧ ಇಂಚಿಗಿಂತ ತುಸು ಹೆಚ್ಚು ಮುಚ್ಚುತ್ತದೆ, ತೊಂದರೆಯಿಲ್ಲ. ಅದರ ಎರಡರಷ್ಟು ದಪ್ಪವಾದರೆ ಪ್ರಾಣಿಯ ಕಾಲುಭಾಗ ಗೆರೆಯ ಹಿಂದೆ ಅಡಗುತ್ತದೆ. ಇಳಿತ, ಗಾಳಿ ಎರಡನ್ನೂ ಟರೆಟ್‌ನಲ್ಲೇ ತಿರುಪುವ ಶಿಸ್ತಿನವರಿಗೆ ಸಣ್ಣ ಚುಕ್ಕೆಯ ಸೆಕೆಂಡ್ ಫೋಕಲ್ ಪ್ಲೇನ್ ಸ್ಕೋಪೇ ಹಿತ. ಗುರುತು ಹಿಡಿದು ಹೊಡೆಯುವವರು ಫಸ್ಟ್ ಫೋಕಲ್ ಪ್ಲೇನ್ ಕೊಳ್ಳುವುದು ಒಳ್ಳೆಯದು.

ಪ್ಯಾರಲ್ಯಾಕ್ಸ್

ಬಸ್ಸಿನ ಪಕ್ಕದ ಸೀಟಿನಲ್ಲಿ ಕೂತು ಡ್ರೈವರ್‌ನ ಮುಂದಿರುವ ಸ್ಪೀಡೋಮೀಟರ್ ನೋಡಿದರೆ ಮುಳ್ಳು ಬೇರೆ ಅಂಕಿ ತೋರಿಸುತ್ತದೆ, ಏಕೆಂದರೆ ಮುಳ್ಳು ಮತ್ತು ಅಂಕಿ ಒಂದೇ ಸಮತಲದಲ್ಲಿಲ್ಲ. ಸ್ಕೋಪಿನಲ್ಲೂ ಗುರಿಯ ಬಿಂಬ ರೆಟಿಕಲ್ ಇರುವ ಸಮತಲದಲ್ಲೇ ಮೂಡದಿದ್ದರೆ, ಕಣ್ಣು ಸರಿದಂತೆ ಗೆರೆ ಗುರಿಯ ಮೇಲೆ ಜಾರುತ್ತದೆ. ರೈಫಲ್ ಅಲ್ಲಾಡಿರುವುದಿಲ್ಲ, ಗುಂಡು ಮಾತ್ರ ಬೇರೆಡೆಗೆ ಹೋಗುತ್ತದೆ.

ಹೊಂದಾಣಿಕೆಯ ಗುಬುಟು ಇಲ್ಲದ ಸ್ಕೋಪುಗಳನ್ನು ಕಾರ್ಖಾನೆಯಲ್ಲೇ ಒಂದು ದೂರಕ್ಕೆ, ಸಾಮಾನ್ಯವಾಗಿ 100 ಅಥವಾ 150 ಗಜಕ್ಕೆ, ಕೂರಿಸಿರುತ್ತಾರೆ. ತಪ್ಪಿನ ಗರಿಷ್ಠ ಮಿತಿ ಹೀಗೆ ಸಿಗುತ್ತದೆ: ಮಸೂರದ ಅರ್ಧ ಅಡ್ಡಳತೆಯನ್ನು, ಗುರಿಯ ದೂರಕ್ಕೂ ಕೂರಿಸಿದ ದೂರಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ಕೂರಿಸಿದ ದೂರದಿಂದ ಭಾಗಿಸಿ. 40 ಮಿ.ಮೀ. ಮಸೂರ, 100 ಗಜಕ್ಕೆ ಕೂರಿಸಿದ್ದು, ಗುರಿ 400 ಗಜದಲ್ಲಿ: 20 ಗುಣಿಸು 300, ಭಾಗಿಸು 100, ಅಂದರೆ 60 ಮಿ.ಮೀ. ಕಣ್ಣು ಬಿಂಬದ ಅಂಚಿನವರೆಗೂ ಸರಿದರೆ ಎರಡೂಕಾಲು ಇಂಚಿಗೂ ಹೆಚ್ಚು ತಪ್ಪು. ಜಿಂಕೆಯ ಬೇಟೆಯಲ್ಲಿ ಇದು ಲೆಕ್ಕಕ್ಕೇ ಇಲ್ಲ. ನಾಲ್ಕು ಇಂಚಿನ ಗುರಿಗೆ ಇದು ಪೂರ್ತಿ ತಪ್ಪು. ವಾರ್ಮಿಂಟ್ ಸ್ಕೋಪಿಗೆ ಪಕ್ಕದ ಪ್ಯಾರಲ್ಯಾಕ್ಸ್ ಗುಬುಟು ಬೇಕೇ ಬೇಕೆನ್ನುವುದು ಇದಕ್ಕಾಗಿ.

ಗುಬುಟಿನ ಮೇಲಿನ ಗಜದ ಅಂಕಿಗಳನ್ನು ನಂಬಬೇಡಿ, ಅವು ಅಂದಾಜು. ಮೊದಲು ಕಣ್ಣಿನ ಕಡೆಯ ಡಯಾಪ್ಟರ್ ಉಂಗುರವನ್ನು ಸರಿಮಾಡಿ: ಖಾಲಿ ಆಕಾಶದ ಕಡೆ (ಸೂರ್ಯನ ಕಡೆಯಲ್ಲ) ಹಿಡಿದು, ಎರಡು ಸೆಕೆಂಡಿನಷ್ಟು ಮಾತ್ರ ನೋಡಿ, ಕಣ್ಣು ತೆಗೆದು, ತುಸು ತಿರುಗಿಸಿ, ಮತ್ತೆ ನೋಡಿ. ನೋಡಿದ ತಕ್ಷಣವೇ ಗೆರೆ ಚೂಪಾಗಿ ಕಾಣಬೇಕು. ದಿಟ್ಟಿಸುತ್ತ ಕೂತರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದೆ. ಆಮೇಲೆ ರೈಫಲ್ಲನ್ನು ಮರಳಿನ ಚೀಲಗಳ ಮೇಲೆ ಭದ್ರವಾಗಿಟ್ಟು, ಮುಟ್ಟದೆ, ತಲೆಯನ್ನಷ್ಟೇ ಮೇಲೆ ಕೆಳಗೆ ಆಡಿಸಿ. ಗೆರೆ ಗುರಿಯ ಮೇಲೆ ಜಾರುತ್ತಿದ್ದರೆ ಜಾರಾಟ ನಿಲ್ಲುವವರೆಗೆ ಗುಬುಟು ತಿರುಗಿಸಿ. ಬಿಂಬ ಚೂಪಾಗಿ ಕಂಡಿತೆಂದು ನಿಲ್ಲಿಸಬೇಡಿ, ಜಾರಾಟ ನಿಂತಿತೇ ಎಂಬುದೇ ಪರೀಕ್ಷೆ. ಎರಡೂ ಒಂದೇ ಜಾಗದಲ್ಲಿ ಕೂಡದಿದ್ದರೆ ಡಯಾಪ್ಟರ್ ತಪ್ಪಾಗಿದೆ ಎಂದರ್ಥ.

ಕರ್ನಾಟಕದಲ್ಲಿ ಕ್ಲಬ್ಬಿನ ರೇಂಜಿನಲ್ಲಿ ಸ್ಪ್ರಿಂಗ್ ಏರ್‌ರೈಫಲ್ಲಿಗೆ ಸ್ಕೋಪು ಹಾಕುವವರೂ ಇದನ್ನು ಗಮನಿಸಬೇಕು. ಸೆಂಟರ್‌ಫೈರ್, ಅಂದರೆ .223ರಂಥ ಕಾರ್ಟ್ರಿಜ್ ಹಾರಿಸುವ ರೈಫಲ್ಲಿನ, ಸ್ಕೋಪು 10 ಮೀಟರಿನಲ್ಲಿ ಮಸುಕು ಮಸುಕಾಗಿ ಕಾಣುತ್ತದೆ. ಅದಕ್ಕಿಂತ ಕೆಟ್ಟದ್ದು, ಸ್ಪ್ರಿಂಗ್ ಗನ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಒಂದೇ ದಿಕ್ಕಿನ ಒದೆತಕ್ಕೆ ಕಟ್ಟಿದ ಸ್ಕೋಪಿನ ಒಳಗಿನ ಭಾಗಗಳು ಸಡಿಲವಾಗುತ್ತವೆ. ಏರ್‌ಗನ್‌ಗೆ ಎಂದು ಬರೆದಿರುವುದನ್ನೇ ಕೊಳ್ಳಬೇಕು.

ಟರೆಟ್, ಕೊಳವೆ, ದುಡ್ಡು

ಟರೆಟ್ ತಿರುಪಿದಾಗ ಅದರ ಸ್ಕ್ರೂ ಒಳಗಿನ ಒಂದು ಸಣ್ಣ ಕೊಳವೆಯನ್ನು ಒತ್ತುತ್ತದೆ, ಎದುರಿನಿಂದ ಒಂದು ಸ್ಪ್ರಿಂಗ್ ಮರಳಿ ಒತ್ತುತ್ತದೆ. ಸ್ಪ್ರಿಂಗ್ ದುರ್ಬಲವಾಗಿದ್ದರೆ ಕ್ಲಿಕ್ ಕೇಳಿಸುತ್ತದೆ, ಕೊಳವೆ ಮಾತ್ರ ಸರಿಯುವುದಿಲ್ಲ. ಒಂದು ಗುಂಡಿನ ಒದೆತ ಬಿದ್ದ ಮೇಲೆ ಜಾರಿ ಕೂರುತ್ತದೆ. ತಿರುಪಿದ ನಂತರದ ಮೊದಲ ಗುಂಡು ಹಳೆಯ ಜಾಗಕ್ಕೆ, ಎರಡನೆಯದು ಹೊಸ ಜಾಗಕ್ಕೆ ಹೋಗುತ್ತಿದ್ದರೆ ರೋಗ ಇದೇ. ಅಗ್ಗದ ಸ್ಕೋಪುಗಳಲ್ಲಿ ದುಡ್ಡು ಉಳಿಸುವುದು ಕಣ್ಣಿಗೆ ಕಾಣದ ಈ ಜಾಗದಲ್ಲೇ.

ಟರೆಟ್ಟನ್ನು ಇಳಿಸುವಾಗ ಝೀರೋದಲ್ಲೇ ನಿಲ್ಲಿಸುವ ಝೀರೋ ಸ್ಟಾಪ್ ಎಂಬ ತಡೆ ಇರುವುದನ್ನೇ ಆರಿಸಿ. ಒಂದು ಸುತ್ತಿಗೆ 15 ಎಂಒಎ ಇರುವ ಟರೆಟ್ಟನ್ನು ಒಂದು ಸುತ್ತು ಮರೆತು ಮೇಲೆಯೇ ಬಿಟ್ಟರೆ 200 ಗಜದಲ್ಲಿ ಗುಂಡು 31 ಇಂಚು ಮೇಲೆ ಹೋಗುತ್ತದೆ, ಅಂಕಿ ಮಾತ್ರ ಸೊನ್ನೆಯನ್ನೇ ತೋರಿಸುತ್ತಿರುತ್ತದೆ.

30 ಅಥವಾ 34 ಮಿ.ಮೀ. ಕೊಳವೆ ಹೆಚ್ಚು ಬೆಳಕು ತರುತ್ತದೆ ಎಂಬುದು ಅಂಗಡಿಯ ಮಾತು. ದಪ್ಪ ಕೊಳವೆಯ ಲಾಭ ಮುಖ್ಯವಾಗಿ ಟರೆಟ್ ಸರಿಯಲು ಸಿಗುವ ಜಾಗ. ಒಟ್ಟು 60 ಎಂಒಎ ಸರಿಯುವ ಸ್ಕೋಪಿನಲ್ಲಿ ನಡುವಿನಿಂದ ಮೇಲಕ್ಕೆ 30 ಸಿಗುತ್ತದೆ. .223ರಲ್ಲಿ 500 ಗಜಕ್ಕೆ 8.6 ಸಾಕಾದ್ದರಿಂದ ವಾರ್ಮಿಂಟ್ ಬೇಟೆಗೆ ಒಂದಿಂಚಿನ ಕೊಳವೆಯೂ ನಡೆಯುತ್ತದೆ. 1000 ಗಜದ ಉಕ್ಕಿನ ತಟ್ಟೆಗೆ .308 ಕಾರ್ಟ್ರಿಜ್‌ನಲ್ಲಿ 175 ಗ್ರೇನ್ ಗುಂಡು ಹಾರಿಸಲು ಸುಮಾರು 38 ಎಂಒಎ ಬೇಕು. ಆಗ 30 ಸಾಲದು. 20 ಎಂಒಎ ಓರೆಯಿರುವ ರೈಲು (ರೈಫಲ್ ಮೇಲೆ ಸ್ಕೋಪು ಕೂರಿಸುವ ಲೋಹದ ಪಟ್ಟಿ) ಹಾಕಿದರೆ ಮೇಲಕ್ಕೆ 50 ಆಗುತ್ತದೆ. 6.5 ಕ್ರೀಡ್‌ಮೂರ್ ಕಾರ್ಟ್ರಿಜ್‌ಗೆ ಸುಮಾರು 30 ಬೇಕಾಗುವುದರಿಂದ ಅದೂ ಅಂಚಿನಲ್ಲೇ ನಿಲ್ಲುತ್ತದೆ.

56 ಮಿ.ಮೀ. ಮಸೂರಕ್ಕೆ ಎತ್ತರದ ರಿಂಗು (ಸ್ಕೋಪನ್ನು ರೈಲಿಗೆ ಹಿಡಿದಿಡುವ ಬಳೆ) ಬೇಕು, ಆಗ ಕೆನ್ನೆ ಹಿಡಿಯಿಂದ ಮೇಲೇಳುತ್ತದೆ, ಕಣ್ಣು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ವಾರ್ಮಿಂಟಿಗೆ 44 ಅಥವಾ 50 ಸಾಕು. ಒರೆಗಾನ್‌ನ ಲ್ಯೂಪೋಲ್ಡ್, ವಿಸ್ಕಾನ್ಸಿನ್‌ನ ವೋರ್ಟೆಕ್ಸ್ ಕಂಪನಿಗಳ ಸ್ಕೋಪುಗಳಿಗೆ ಜೀವಿತಾವಧಿ ವಾರಂಟಿ ಸ್ಕೋಪಿನ ಜೊತೆಗೇ ಕೈ ಬದಲಾಯಿಸುತ್ತದೆ. ಹಾಗಾಗಿ ಹೊಸ ಅಗ್ಗದ ಸ್ಕೋಪಿಗಿಂತ ಅದೇ ಬೆಲೆಯ ಹಳೆಯ ಒಳ್ಳೆಯ ಸ್ಕೋಪು ಜಾಣತನ.

ಕೂರಿಸುವುದು, ಪರೀಕ್ಷಿಸುವುದು

ಒಳ್ಳೆಯ ಸ್ಕೋಪನ್ನು ಕೆಟ್ಟದಾಗಿ ಕೂರಿಸಿ ಬೈಯುವವರೇ ಹೆಚ್ಚು. ರಿಂಗುಗಳನ್ನು ರೈಲಿನ ಅಡ್ಡಸೀಳಿನಲ್ಲಿ ಮುಂದಕ್ಕೆ ಒತ್ತಿ ಹಿಡಿದು ಬಿಗಿಯಿರಿ, ಇಲ್ಲದಿದ್ದರೆ ಒದೆತಕ್ಕೆ ಅವೇ ಮುಂದೆ ಸರಿಯುತ್ತವೆ. ಸ್ಕೋಪನ್ನು ಸಡಿಲವಾಗಿ ಇಟ್ಟು, ಅತಿ ಹೆಚ್ಚು ಪವರ್‌ನಲ್ಲಿ, ನೀವು ಹೊಡೆಯುವ ಭಂಗಿಯಲ್ಲೇ ಕೆನ್ನೆಯಿಟ್ಟು, ಬಿಂಬದ ಸುತ್ತ ಕಪ್ಪು ನೆರಳು ಬಾರದ ಜಾಗ ಹುಡುಕಿ. ಕಣ್ಣಿನಿಂದ ಸುಮಾರು ಮೂರೂವರೆ ಇಂಚು ಇರುತ್ತದೆ. ಆಮೇಲೆ ರೈಲಿನ ಮೇಲೆ ರಸಮಟ್ಟ ಇಟ್ಟು ರೈಫಲ್ ಸಮ ಮಾಡಿ, ದೂರದಲ್ಲಿ ಗಾರೆ ಕೆಲಸದವರ ತೂಗುಗುಂಡು ನೇತುಹಾಕಿ, ಅದರ ದಾರಕ್ಕೆ ರೆಟಿಕಲ್‌ನ ನಿಲುಗೆರೆ ಕೂಡುವಂತೆ ಸ್ಕೋಪು ತಿರುಗಿಸಿ. ಹೊಡೆಯುವಾಗ ಒಂದೇ ಒಂದು ಡಿಗ್ರಿ ವಾಲಿದರೂ 38 ಎಂಒಎ ತಿರುಪಿದ ಸ್ಕೋಪಿನಲ್ಲಿ 1000 ಗಜದ ಗುಂಡು ಸುಮಾರು 7 ಇಂಚು ಪಕ್ಕಕ್ಕೆ ಬೀಳುತ್ತದೆ.

ರಿಂಗಿನ ಮೇಲ್ಭಾಗದ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎರಡೂ ಬದಿಯ ಸಂದು ಒಂದೇ ಸಮ ಇರಲಿ. 15ರಿಂದ 18 ಇಂಚು-ಪೌಂಡ್ ಸಾಮಾನ್ಯ ಮಿತಿ, ರಿಂಗು ಮಾಡಿದವರು ಬೇರೆ ಹೇಳಿದ್ದರೆ ಅದು. ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿದರೆ ಕೊಳವೆ ಅದುಮಿ ಒಳಗಿನ ಭಾಗಗಳು ಹಿಡಿದುಕೊಳ್ಳುತ್ತವೆ; ಪ್ಯಾರಲ್ಯಾಕ್ಸ್ ಗುಬುಟು ಇದ್ದಕ್ಕಿದ್ದಂತೆ ಗಟ್ಟಿಯಾದರೆ ಅದೇ ಸೂಚನೆ. ಈ ಸ್ಕ್ರೂಗಳಿಗೆ ಅಂಟು ಹಾಕಬೇಡಿ. ಒದ್ದೆ ಎಳೆಯಲ್ಲಿ ಅದೇ ಟಾರ್ಕ್ ಹೆಚ್ಚು ಬಿಗಿಯುತ್ತದೆ.

ಝೀರೋ ಆದ ಮೇಲೆ ಮಾಡಲೇಬೇಕಾದ ಪರೀಕ್ಷೆ ಒಂದಿದೆ. ನಾಲ್ಕಡಿ ಎತ್ತರದ ಹಾಳೆಯ ಮೇಲೆ ತೂಗುಗುಂಡಿಗೆ ಸರಿಯಾಗಿ ಒಂದು ನಿಲುಗೆರೆ ಎಳೆದು, ಕೆಳಗೆ ಗುರಿಯ ಚುಕ್ಕೆ ಹಾಕಿ. ದೂರ 100 ಗಜವೇ ಇದೆಯೆಂದು ಟೇಪಿನಲ್ಲಿ ಅಳೆಯಿರಿ. ಮೂರು ಗಜ ತಪ್ಪಿದರೆ ಫಲಿತಾಂಶವೂ ಶೇಕಡಾ 3 ತಪ್ಪುತ್ತದೆ. ಚುಕ್ಕೆಗೆ ಐದು ಗುಂಡು ಹಾರಿಸಿ. 80 ಕ್ಲಿಕ್, ಅಂದರೆ 20 ಎಂಒಎ ಮೇಲೆ ತಿರುಪಿ, ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೈದು. ಎರಡು ಗುಂಪುಗಳ ನಡುವಿನ ಅಂತರ 20.94 ಇಂಚು ಇರಬೇಕು. ಸರಿಯಾಗಿ 20 ಬಂದರೆ ಆ ಟರೆಟ್ ನಿಜವಾದ ಎಂಒಎ ಬದಲು 100 ಗಜಕ್ಕೆ ಇಂಚಿನ ಲೆಕ್ಕದಲ್ಲಿ ತಿರುಗುತ್ತಿರಬಹುದು, ಅಂಥವೂ ಇವೆ. 1000 ಗಜದಲ್ಲಿ 38 ತಿರುಪಿದಾಗ ಈ ವ್ಯತ್ಯಾಸ ಸುಮಾರು 18 ಇಂಚಾಗುತ್ತದೆ. 20.4 ಬಂತೆನ್ನಿ: ಸ್ಕೋಪು ಹೇಳಿದ್ದಕ್ಕಿಂತ ಕಡಿಮೆ ಸರಿಯುತ್ತಿದೆ, 38 ಬೇಕಾದಲ್ಲಿ 39 ತಿರುಪಬೇಕು. ಗುಂಡಿನ ಇಳಿತ ಲೆಕ್ಕಹಾಕುವ ಬ್ಯಾಲಿಸ್ಟಿಕ್ ಆ್ಯಪ್‌ಗಳಲ್ಲಿ ಈ ತಿದ್ದುಪಡಿ ತುಂಬುವ ಜಾಗ ಸಾಮಾನ್ಯವಾಗಿ ಇರುತ್ತದೆ.

ಕೊನೆಗೆ 80 ಕ್ಲಿಕ್ ಕೆಳಗಿಳಿಸಿ ಐದು ಗುಂಡು. ಅವು ಮೊದಲ ಗುಂಪಿನೊಳಗೇ ಬೀಳಬೇಕು. ಬೀಳದಿದ್ದರೆ ರಿಂಗು, ರೈಲಿನ ಸ್ಕ್ರೂಗಳನ್ನು ಒಮ್ಮೆ ಬಿಗಿದು ಮತ್ತೆ ಇಡೀ ಪರೀಕ್ಷೆ ಮಾಡಿ. ಆಗಲೂ ಬೇರೆಡೆ ಬಿದ್ದರೆ ಆ್ಯಪ್‌ನಲ್ಲಿ ತುಂಬಲು ಯಾವ ಅಂಕಿಯೂ ಇಲ್ಲ. ಸ್ಕೋಪು ಬಿಚ್ಚಿ ತಯಾರಕರಿಗೆ ವಾಪಸ್ ಕಳಿಸಿ.